ಕೊಟ್ಟಿಗೆಹಾರದ ಕಪ್ಪೆಗೂ ಕಾವಲು ಬೇಕು





ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ಜಲಪಾತಗಳ ಬಳಿ ವಾಹನ ನಿಲ್ಲಿಸಬೇಡಿ, ಬಂಡೆ ಹತ್ತಬೇಡಿ ಎಂದು ಪೊಲೀಸರು ತಾಕೀತು ಮಾಡುತ್ತಾರೆ. ಜನರ ಜೀವದ ಪ್ರಶ್ನೆ, ಮಾಡಲೇಬೇಕು. ಆದರೆ ಮಳೆ ಹಿಂದೆ ಸರಿದೊಡನೆ ಈ ಬಿಗಿಯೂ ಸಡಿಲವಾಗುತ್ತದೆ. ಹಳ್ಳಗಳಿಗೆ ಕಾವಲು ನಿಜಕ್ಕೂ ಬೇಕಾಗುವುದು ಆಗಲೇ ಎಂಬುದು ನನ್ನ ತಕರಾರು.

ಈ ಘಾಟಿ ರಸ್ತೆಯಲ್ಲಿ ಸಿಗುವ ಕೊಟ್ಟಿಗೆಹಾರ ಎಂದರೆ ಪ್ರಯಾಣಿಕರಿಗೆ ನೀರುದೋಸೆ, ವಿಜ್ಞಾನಿಗಳಿಗೆ ಕಪ್ಪೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣ ರಾವ್ 1937ರಲ್ಲಿ ಈ ಊರಿನ ಹೆಸರಿಟ್ಟು ವಿವರಿಸಿದ, ಈಗ ‘ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್’ ಎನ್ನುವ ಕಪ್ಪೆ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ಅಪಾಯದಲ್ಲಿರುವ ಜೀವಿಗಳ ಸಾಲಿನಲ್ಲಿ ಇದೂ ಇದೆ. ಪುಟ್ಟ ಗಾತ್ರದ ಗಂಡು ಹಳ್ಳದ ಒದ್ದೆ ಕಲ್ಲಿನ ಮೇಲೆ ಕೂತು ಕೂಗುತ್ತದೆ. ನೀರಿನ ಭೋರ್ಗರೆತದಲ್ಲಿ ಕೂಗಷ್ಟೇ ಸಾಲದು. ಹಿಂಗಾಲನ್ನು ನೀಳವಾಗಿ ಚಾಚಿ, ಬೆರಳ ನಡುವಿನ ಜಾಲಪೊರೆ ಬಿಡಿಸಿ ತೋರಿಸುತ್ತದೆ. ಹೆಣ್ಣು ನೀರಿನ ತಳದ ಜಲ್ಲಿಯನ್ನು ಹಿಂಗಾಲಿನಿಂದ ಕೆದಕಿ ಮೊಟ್ಟೆಯಿಟ್ಟು, ಮತ್ತೆ ಜಲ್ಲಿ ಮುಚ್ಚುತ್ತದೆ. ಇದೆಲ್ಲ ನಡೆಯುವುದು ಹಳ್ಳದ ರಭಸ ತಗ್ಗಿದ ಮೇಲೆ, ಹೆಚ್ಚುಕಡಿಮೆ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ.

ಪ್ರವಾಸಿಗರು ಧೈರ್ಯವಾಗಿ ಹಳ್ಳಕ್ಕಿಳಿಯುವುದೂ ಆಗಲೇ. ಮೋರಿ ಪಕ್ಕದಲ್ಲಿ ಕಾರು ತೊಳೆದ ಸೋಪಿನ ನೀರು ನೇರ ಹಳ್ಳ ಸೇರುತ್ತದೆ. ಕಾಲಿಗೆ ಸಿಕ್ಕ ಜಲ್ಲಿ ಕದಡುತ್ತದೆ, ಅದರಡಿಯ ಮೊಟ್ಟೆ ಯಾರ ಕಣ್ಣಿಗೂ ಬೀಳುವುದಿಲ್ಲ. ರಸ್ತೆ ಕಾಮಗಾರಿಯ ಮಣ್ಣನ್ನು ಇಳಿಜಾರಿಗೆ ನೂಕಿದರೆ ಹೂಳು ಬಂದು ಜಲ್ಲಿಯ ಸಂದು ಮುಚ್ಚಿಹೋಗುತ್ತದೆ. ದಡದ ಮರ ಕಡಿದರೆ ಈ ಕಪ್ಪೆ ನಂಬಿಕೊಂಡಿರುವ ನೆರಳೂ ಇಲ್ಲ.

ಕಪ್ಪೆಗೋಸ್ಕರ ರಸ್ತೆ ನಿಲ್ಲಿಸಬೇಕೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಡ. ಕಾಯಿಲೆ ಬಿದ್ದರೆ ಮಂಗಳೂರಿನ ಆಸ್ಪತ್ರೆಗೆ ಓಡುವ ನಮಗೆ ಈ ರಸ್ತೆಯ ಬೆಲೆ ಗೊತ್ತು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಘಾಟಿ ಬಂದ್ ಆದಾಗ ಪಟ್ಟ ಪಾಡೂ ಮರೆತಿಲ್ಲ. ನೀರಿನ ದಾರಿಗೆ ಮಣ್ಣು ಸುರಿದರೆ ಕಪ್ಪೆಗಷ್ಟೇ ಅಲ್ಲ, ರಸ್ತೆಗೂ ಕೇಡು.

ಕೇಳುತ್ತಿರುವುದು ದೊಡ್ಡದೇನಲ್ಲ. ಜಲಪಾತಗಳ ಬಳಿಯ ನಿರ್ಬಂಧವನ್ನು ಡಿಸೆಂಬರ್ ಕೊನೆಯವರೆಗೆ ಮುಂದುವರಿಸಲಿ. ಹಳ್ಳದಲ್ಲಿ ವಾಹನ ತೊಳೆಯುವವರಿಗೆ ದಂಡ ಹಾಕಲಿ. ಅಗೆದ ಮಣ್ಣನ್ನು ಎಲ್ಲಿ ಸುರಿಯಬೇಕೆಂಬುದನ್ನು ಗುತ್ತಿಗೆಯ ಷರತ್ತಿನಲ್ಲೇ ಬರೆಯಲಿ, ಪಾಲಿಸದಿದ್ದರೆ ಬಿಲ್ ತಡೆಹಿಡಿಯಲಿ. ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡ ಜಿಲ್ಲಾಡಳಿತಗಳು ಅರಣ್ಯ ಇಲಾಖೆಯನ್ನು ಜೊತೆಗಿಟ್ಟುಕೊಂಡು ಈ ವರ್ಷದ ಮಳೆ ಮುಗಿಯುವ ಮೊದಲೇ ಆದೇಶ ಹೊರಡಿಸಬೇಕೆಂದು ಒತ್ತಾಯಿಸುತ್ತೇನೆ.

– ಓದುಗ, ಮೂಡಿಗೆರೆ