ಕೊರತೆಯ ಹೆಸರಿನ ಹಣ, ಲೆಕ್ಕ ಕೇಳುವ ಹಕ್ಕು

ಜನರಿಗಾದ ಹಾನಿಯನ್ನೋ ಅವರ ಪಾಲಿನ ಕೊರತೆಯನ್ನೋ ಕಾರಣವಾಗಿ ತೋರಿಸಿ ಪಡೆದ ಹಣದ ಖರ್ಚನ್ನು ಪರಿಶೀಲಿಸುವ ಅಧಿಕಾರ ಆ ಜನರಿಗೂ ಇರಬೇಕೆಂಬ ವಾದಕ್ಕೆ ಇಂದು ಹಲವೆಡೆ ಬಲ ಬಂದಿದೆ. ಅಫೀಮಿನ ಗುಣವುಳ್ಳ, ಚಟ ಹಿಡಿಸುವ ನೋವುನಿವಾರಕಗಳನ್ನು ಅಮೆರಿಕದಲ್ಲಿ ತಯಾರಿಸಿ ಹಂಚಿದ ಕಂಪನಿಗಳು ರಾಜಿ ಒಪ್ಪಂದಗಳಲ್ಲಿ ತೆರಲೊಪ್ಪಿದ 5,000 ಕೋಟಿ ಡಾಲರಿಗೂ ಮಿಕ್ಕ ಮೊತ್ತದ ಬಗ್ಗೆ ಅಲ್ಲಿನ ಸಂತ್ರಸ್ತ ಕುಟುಂಬಗಳು ಕೇಳುತ್ತಿರುವುದೂ ಇದನ್ನೇ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೂ ಈ ವಾದ ಸಲ್ಲುತ್ತದೆ.

ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯು ಈ ಮೂರನ್ನೂ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಎಣಿಸಿತು. ಅಂಥ ಹಿಂದುಳಿದಿರುವಿಕೆಯ ಆಧಾರದ ಮೇಲೆಯೇ ಸಂವಿಧಾನದ 371(ಜೆ) ವಿಧಿ ರೂಪುಗೊಂಡು, ಪ್ರತ್ಯೇಕ ಅಭಿವೃದ್ಧಿ ಮಂಡಳಿ 2013ರಲ್ಲಿ ಬಂದಿತು. ಇಂದಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್ಟು 5,000 ಕೋಟಿ ರೂಪಾಯಿ ಘೋಷಿಸಿತು. ಮಂಡಳಿಯ ಕಾರ್ಯವೈಖರಿಯ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕೆನ್ನುವ ಆ ವಿಧಿ, ಗ್ರಾಮಸಭೆಯ ಹೆಸರನ್ನೆತ್ತುವುದಿಲ್ಲ.

ಕಾಮಗಾರಿಯ ದಾಖಲೆಗಳನ್ನು ಊರವರ ಮುಂದೆ ಓದಿ, ಸ್ಥಳದಲ್ಲಿರುವುದರೊಂದಿಗೆ ತಾಳೆ ನೋಡುವ ಕ್ರಮಕ್ಕೆ ಸಾಮಾಜಿಕ ಲೆಕ್ಕಪರಿಶೋಧನೆ ಎಂದು ಹೆಸರು. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು 1994ರಲ್ಲಿ ಆರಂಭಿಸಿದ ಜನಸುನವಾಯಿಗಳಿಂದ, ಅಂದರೆ ಬಹಿರಂಗ ವಿಚಾರಣೆಗಳಿಂದ, ಬೆಳೆದ ಈ ಕ್ರಮವನ್ನು 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಮು ಗ್ರಾಮಸಭೆಯ ಹೊಣೆಯನ್ನಾಗಿಸಿತು. ಕೂಲಿಯ ಹಣಕ್ಕೆ ಸಲ್ಲುವ ಈ ನ್ಯಾಯ ಮಂಡಳಿಯ ಹಣಕ್ಕೇಕೆ ಸಲ್ಲಬಾರದು? ಕಟ್ಟಡ ಎದ್ದಿತೇ, ಬಿಲ್ಲು ಸರಿಯಿದೆಯೇ ಎಂಬುದನ್ನು ಅಧಿಕಾರಿಯೂ ಹೇಳಬಲ್ಲ. ಆ ಕಟ್ಟಡದಿಂದ ಕೊರತೆ ನೀಗಿತೇ, ಶಾಲೆಯ ಹೊಸ ಕೋಣೆಯಲ್ಲಿ ಪಾಠ ಮಾಡುವವರಿದ್ದಾರೆಯೇ ಎಂಬುದು ಮಕ್ಕಳನ್ನು ಅಲ್ಲಿಗೆ ಕಳಿಸುವವರಿಗೇ ಚೆನ್ನಾಗಿ ಗೊತ್ತು.

ಗ್ರಾಮಸಭೆಯೂ ಬಲಾಢ್ಯರ, ಗುತ್ತಿಗೆದಾರರ ಬಂಧುಗಳ ಕೈವಶವಾಗಬಹುದೆಂಬ ಆಕ್ಷೇಪ ಸುಳ್ಳಲ್ಲ. ಅದಕ್ಕಿಂತ ದೊಡ್ಡ ಅಡ್ಡಿ ಗುಳೆ: ತೊಗರಿಯ ರಾಶಿ ಮುಗಿದ ಮೇಲೆ ತಾಂಡಾಗಳ ಮತ್ತು ಭೂಹೀನರ ಅನೇಕ ಕುಟುಂಬಗಳು ಮುಂಬೈ, ಪುಣೆಗಳತ್ತ ದುಡಿಯಲು ಹೊರಡುವುದರಿಂದ, ಬೇಸಿಗೆಯಲ್ಲಿ ಕರೆದ ಸಭೆಗೆ ಹಿಂದುಳಿದಿರುವಿಕೆಯ ಭಾರವನ್ನು ಹೆಚ್ಚು ಹೊತ್ತವರೇ ಬರಲಾರರು. ಇದು ಸಭೆಯನ್ನು ಕೈಬಿಡಲು ಕಾರಣವಲ್ಲ, ದಿನವನ್ನು ಬದಲಿಸಲು ಕಾರಣ. ಗುಳೆ ಹೋದವರು ಊರಲ್ಲಿರುವ ಮುಂಗಾರಿನ ಹೊತ್ತಿಗೆ ಸಭೆ ಕರೆದು, ಅಲ್ಲಿ ದಾಖಲಾದ ಆಕ್ಷೇಪಗಳನ್ನು ಮಂಡಳಿಯ ವಾರ್ಷಿಕ ವರದಿಗೆ ಲಗತ್ತಿಸುವುದನ್ನು ತಡೆಯುವ ಮಾತು 371(ಜೆ) ವಿಧಿಯಲ್ಲಿ ಒಂದೂ ಇಲ್ಲ.