ಹೆಸರಿನ ಹಿನ್ನೆಲೆ: ಶ್ರುತಿ

ನಾಮಕರಣದ ದಿನ ಕೂಸಿನ ಕಿವಿಯಲ್ಲಿ ಹೆಸರನ್ನು ಮೆಲ್ಲನೆ ಉಸುರುವ ಪದ್ಧತಿ ಅನೇಕ ಮನೆಗಳಲ್ಲುಂಟು. ಆ ಕಿವಿಯನ್ನೇ ಅರ್ಥವಾಗಿ ಉಳ್ಳ ಹೆಸರು ಶ್ರುತಿ. ಸಂಸ್ಕೃತದ ‘ಶ್ರು’ ಧಾತುವಿಗೆ ‘ಕೇಳು’ ಎಂದರ್ಥ. ಅದರಿಂದ ಹುಟ್ಟಿದ ಈ ಪದ ಕೇಳುವಿಕೆಯನ್ನೂ, ಕೇಳಿದ್ದನ್ನೂ, ಕೇಳುವ ಕಿವಿಯನ್ನೂ ಸೂಚಿಸುತ್ತದೆ. ಗುರುಮುಖದಿಂದ ಕೇಳಿ ಕಲಿಯುತ್ತ ಬಂದುದರಿಂದ ವೇದಕ್ಕೂ ಶ್ರುತಿಯೆಂದೇ ಹೆಸರು.

ಪದ ಪ್ರಾಚೀನ, ಹೆಣ್ಣುಮಗುವಿನ ಹೆಸರಾಗಿ ಅದು ನವೀನ. ಅಜ್ಜಿಯರ ಕಾಲದಲ್ಲಿ ತೊಟ್ಟಿಲಿಗೇರುತ್ತಿದ್ದುದು ಬಹುಮಟ್ಟಿಗೆ ದೇವತೆಗಳ, ನದಿಗಳ ಹೆಸರು: ಸೀತಮ್ಮ, ಗೌರಮ್ಮ, ಕಾವೇರಮ್ಮ. ಮೊಮ್ಮಕ್ಕಳ ಕಾಲಕ್ಕೆ ನಗರದ ತಾಯ್ತಂದೆಯರು ಸಂಗೀತದ ಮಾತುಗಳಿಗೂ ಕಿವಿಗೊಟ್ಟರು. 1990ರಲ್ಲಿ ದ್ವಾರಕೀಶರ ‘ಶ್ರುತಿ’ ಚಲನಚಿತ್ರ ತೆರೆಕಂಡು, ಅದರ ನಾಯಕಿಯೂ ಅದೇ ಹೆಸರಿನಿಂದ ಪ್ರಸಿದ್ಧಿಗೆ ಬಂದರು.

ಸಂಗೀತದಲ್ಲಿ ಈ ಪದಕ್ಕೆ ಎರಡು ಅರ್ಥಗಳಿವೆ. ಭರತನ ನಾಟ್ಯಶಾಸ್ತ್ರವು ಒಂದು ಸ್ಥಾಯಿಯಲ್ಲಿ 22 ಶ್ರುತಿಗಳನ್ನು ಎಣಿಸುತ್ತದೆ. ಅಲ್ಲಿ ಶ್ರುತಿಯೆಂದರೆ ಕಿವಿ ಗುರುತಿಸಬಲ್ಲ ಸೂಕ್ಷ್ಮವಾದ ಸ್ವರಾಂತರ. ಇಂದಿನ ಕಛೇರಿಯಲ್ಲಾದರೋ ಅದು ಗಾಯಕರು ಆರಿಸಿಕೊಳ್ಳುವ ಆಧಾರಷಡ್ಜ. ಹಾಡುವವರ ಹಿಂದೆ ತಂಬೂರಿಯ ನಾಲ್ಕು ತಂತಿಗಳು ಪಂಚಮ, ಎರಡು ಷಡ್ಜ, ಮಂದ್ರಷಡ್ಜಗಳನ್ನು ಒಂದೇ ಸಮನೆ ಮಿಡಿಯುತ್ತಿರುತ್ತವೆ. ಸಭೆಯ ಕರತಾಡನ ರಾಗಾಲಾಪನೆಗೆ. ತಂಬೂರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೂ ಅದರ ತಂತಿಯೊಂದು ಇಷ್ಟು ಸಡಿಲಿದರೂ ಹಾಡು ನಿಲ್ಲುತ್ತದೆ, ಶ್ರುತಿ ಸೇರಿದ ಮೇಲೆಯೇ ಮುಂದುವರಿಯುತ್ತದೆ. ಶ್ರುತಿ ತಾಯಿ, ಲಯ ತಂದೆ ಎಂದು ಹಿರಿಯರು ಹೇಳಿರುವುದು ಸುಮ್ಮನೆ ಅಲ್ಲ.

ಇಂತಹ ಹೆಸರಿಗೆ ಕನ್ನಡ ನಾಡಿನಲ್ಲೇ ಒಂದು ಅಪಶ್ರುತಿ ಕಾದಿರುತ್ತದೆ. ಆಮಂತ್ರಣ ಪತ್ರಿಕೆಗಳಲ್ಲಿ, ಶಾಲೆಯ ಹಾಜರಿ ಪುಸ್ತಕಗಳಲ್ಲಿ ಎಷ್ಟೋ ಕಡೆ ಅದು ‘ಶೃತಿ’ಯಾಗಿಬಿಡುತ್ತದೆ. ಕನ್ನಡಿಗರ ನಾಲಗೆಯಲ್ಲಿ ಋಕಾರವೂ ‘ರು’ಕಾರವೂ ಒಂದೇ ಆಗಿ ಕೇಳಿಸುವುದು ಇದಕ್ಕೆ ಕಾರಣ. ಮೂಲ ಧಾತುವಿನಲ್ಲಿರುವುದು ಶಕಾರಕ್ಕೆ ರಕಾರದ ಒತ್ತು, ಉಕಾರದ ಕೊಂಬು; ಋಕಾರಕ್ಕೆ ಅಲ್ಲಿ ಎಡೆಯಿಲ್ಲ. ಕಿವಿಗೆ ವ್ಯತ್ಯಾಸ ತಿಳಿಯದಿದ್ದರೂ, ‘ಶೃತಿ’ಯೆಂದು ಬರೆದಾಗ ‘ಕೇಳು’ ಎಂಬ ಅರ್ಥದ ಬೇರೇ ಕಡಿದುಹೋಗುತ್ತದೆ. ಜನನ ಪತ್ರದಲ್ಲಿ ಒಮ್ಮೆ ತಪ್ಪಿದ ಅಕ್ಷರ ಮಗುವಿನ ಬೆನ್ನಿಗೆ ಬಹುಕಾಲ ಅಂಟಿಕೊಳ್ಳಬಹುದು. ಬರೆಸುವಾಗಲೇ ಹಿರಿಯರು ಒಮ್ಮೆ ಕಣ್ಣಾಡಿಸುವುದು ಲೇಸು.

ಶ್ರುತಿಯೆಂಬ ಮಗು ಹಾಡುಗಾರ್ತಿಯೇ ಆಗಬೇಕೆಂದಿಲ್ಲ. ಚೆನ್ನಾಗಿ ಹಾಡುವವಳು ಎಂದಲ್ಲ, ಚೆನ್ನಾಗಿ ಕೇಳುವವಳು ಎಂದೇ ಆ ಹೆಸರು ಹರಸುತ್ತದೆ. ಎಲ್ಲರೂ ಒಟ್ಟಿಗೆ ಮಾತನಾಡುವ ಮನೆಯಲ್ಲಿ ಕೇಳುವ ಕಿವಿಯೊಂದಿದ್ದರೆ ಅಪಸ್ವರವೆಲ್ಲ ತಾನಾಗಿ ಶ್ರುತಿಗೆ ಬರುತ್ತದೆ.