ಕೇಬಲ್ ಇಲ್ಲದ ಮನೆ ಮತ್ತು 2007ರ ಕಾಯಿದೆ



ಮೊಬೈಲ್ ಇದ್ದವರೆಲ್ಲ ಈಗ ಪಂದ್ಯಗಳನ್ನು ನೇರವಾಗಿ ನೋಡಬಲ್ಲರಾದ್ದರಿಂದ, ಕ್ರೀಡಾ ಪ್ರಸಾರದ ಸಂಕೇತವನ್ನು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂದು ವಿಧಿಸುವ 2007ರ ಕಾಯಿದೆಗೆ ಇನ್ನು ಕೆಲಸವಿಲ್ಲ ಎಂಬ ವಾದ ಆಗಾಗ ಕೇಳಿಬರುತ್ತದೆ. ಈ ವಾದ ಒಪ್ಪತಕ್ಕದ್ದಲ್ಲ. ಕಾಯಿದೆಯನ್ನು ಅಂತರ್ಜಾಲಕ್ಕೂ ವಿಸ್ತರಿಸುವ ಕೆಲಸವೇ ಬಾಕಿ ಉಳಿದಿದೆ.

1993ರ ಹೀರೋ ಕಪ್ ಕ್ರಿಕೆಟ್ ಪ್ರಸಾರದ ಜಗಳದಿಂದ ಹುಟ್ಟಿದ ಮೊಕದ್ದಮೆಯಲ್ಲಿ, ಪ್ರಸಾರಕ್ಕೆ ಬಳಸುವ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಸಾರ್ವಜನಿಕ ಹಿತದ ಇದೇ ಜಾಡಿನಲ್ಲಿ ಬಂದ 2007ರ ಕಾಯಿದೆಯ ಪ್ರಕಾರ, ಕೇಂದ್ರ ಸರ್ಕಾರವು ರಾಷ್ಟ್ರೀಯ ಮಹತ್ವದವೆಂದು ಅಧಿಸೂಚಿಸಿದ ಕ್ರೀಡೆಗಳನ್ನು, ಅಂದರೆ ಒಲಿಂಪಿಕ್ಸ್, ಭಾರತ ಪುರುಷರ ಕ್ರಿಕೆಟ್ ತಂಡದ ಏಕದಿನ ಪಂದ್ಯಗಳು ಮುಂತಾದವನ್ನು, ಕೇಬಲ್ ಅಥವಾ ಡಿಟಿಎಚ್ ಮೂಲಕ ತೋರಿಸುವ ಖಾಸಗಿ ವಾಹಿನಿಯು ತನ್ನ ಜಾಹೀರಾತುಗಳಿಲ್ಲದ ನೇರ ಸಂಕೇತವನ್ನು ಅದೇ ಹೊತ್ತಿಗೆ ಪ್ರಸಾರ ಭಾರತಿಗೆ ಕೊಡಬೇಕು. ದೂರದರ್ಶನವು ಸೇರಿಸುವ ಜಾಹೀರಾತಿನ ಆದಾಯದಲ್ಲಿ ಕನಿಷ್ಠ ಶೇ 75 ಪಾಲು ಹಕ್ಕುದಾರರಿಗೇ ಹೋಗುತ್ತದೆ. ಹೀಗೆ ಪಡೆದ ಸಂಕೇತವು ಭೂತಲ ಪ್ರಸಾರಕ್ಕೂ ದೂರದರ್ಶನದ ಸ್ವಂತ ಡಿಟಿಎಚ್ ಆದ ಡಿಡಿ ಫ್ರೀ ಡಿಶ್‌ಗೂ ಮಾತ್ರ ಸೀಮಿತ, ಅದು ಕೇಬಲ್ ಜಾಲಕ್ಕೆ ಸಲ್ಲದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಇತ್ತ ಭೂತಲ ಪ್ರಸಾರ, ಅಂದರೆ ನೆಲದ ಮೇಲಿನ ಗೋಪುರಗಳಿಂದ ಮನೆಯ ಆಂಟೆನಾಗೆ ಬರುತ್ತಿದ್ದ ಪ್ರಸಾರ, 2022ರ ಹೊತ್ತಿಗೆ ಬಹುಪಾಲು ನಿಂತುಹೋಯಿತು. ಉಳಿದದ್ದು ಫ್ರೀ ಡಿಶ್ ಒಂದೇ. ಒಮ್ಮೆ ಡಿಶ್ಶನ್ನೂ ಸೆಟ್ ಟಾಪ್ ಬಾಕ್ಸನ್ನೂ ಕೊಂಡರೆ ಅದಕ್ಕೆ ತಿಂಗಳ ಬಾಡಿಗೆಯಿಲ್ಲ ಎಂಬುದು ನಿಜವಾಗಿಯೂ ದೊಡ್ಡ ಅನುಕೂಲ. ಆದರೆ ಬೆಂಗಳೂರಿನಲ್ಲಿ ಆ ಡಿಶ್ಶಿಗೆ ಆಗ್ನೇಯ ದಿಕ್ಕಿನ ಆಕಾಶ ಅಡ್ಡಿಯಿಲ್ಲದೆ ಕಾಣಬೇಕು. ವಾಯವ್ಯಕ್ಕೆ ಒಂದೇ ಕಿಟಕಿಯಿರುವ ಬಾಡಿಗೆ ಮನೆಯವರಿಗೆ, ಮಹಡಿಯ ಬೀಗದ ಕೈ ಮಾಲೀಕರ ಬಳಿಯೇ ಇರುವ ಪಿ.ಜಿ.ಗಳ ಹುಡುಗರಿಗೆ ಅದು ಎಟುಕದು. ಅವರ ಕೈಯಲ್ಲಿರುವುದು ಮೊಬೈಲ್, ಮತ್ತು ಕಾಯಿದೆಯ 3ನೇ ಕಲಮು ಮೊಬೈಲಿನ ಮಾತೇ ಎತ್ತುವುದಿಲ್ಲ.

ಖಾಸಗಿ ಆ್ಯಪ್‌ಗಳು ಪುಕ್ಕಟೆಯಾಗಿ ತೋರಿಸುತ್ತವಲ್ಲ ಎಂಬ ಉತ್ತರ ಸಾಲದು. 2023ರಲ್ಲಿ ಜಿಯೋಸಿನಿಮಾದಲ್ಲಿ ಉಚಿತವಾಗಿದ್ದ ಐಪಿಎಲ್, 2025ರಲ್ಲಿ ಜಿಯೋಹಾಟ್‌ಸ್ಟಾರ್ ಬಂದ ಮೇಲೆ ಕೆಲವು ನಿಮಿಷಗಳ ಅನಂತರ ಚಂದಾ ಕೇಳತೊಡಗಿತು. ಅದರಲ್ಲಿ ತಪ್ಪೇನೂ ಇಲ್ಲ. ಐಪಿಎಲ್ ಅಧಿಸೂಚಿತ ಪಟ್ಟಿಯಲ್ಲಿಲ್ಲ, ಇರಬೇಕಾಗಿಯೂ ಇಲ್ಲ, ಐದು ವರ್ಷದ ಪ್ರಸಾರ ಹಕ್ಕಿಗೆ ಒಟ್ಟು 48,390 ಕೋಟಿ ರೂಪಾಯಿ ಸುರಿದವರು ಅದನ್ನು ಎಲ್ಲಿಂದಾದರೂ ವಸೂಲು ಮಾಡಲೇಬೇಕು. ಆದರೆ ವ್ಯಾಪಾರದ ಲೆಕ್ಕದಲ್ಲಿ ಕೊಟ್ಟದ್ದು ಅದೇ ಲೆಕ್ಕದಲ್ಲಿ ಹಿಂದೆ ಹೋಗುತ್ತದೆ, ಅಂಥ ಔದಾರ್ಯವನ್ನು ನಂಬಿ ಭಾರತ ತಂಡದ ಪಂದ್ಯಗಳನ್ನು ಬಿಡಲಾಗದು.

ಬ್ರಿಟನ್ 2024ರ ಮಾಧ್ಯಮ ಕಾಯಿದೆಯಲ್ಲಿ ತನ್ನ ಸಂರಕ್ಷಿತ ಕ್ರೀಡೆಗಳ ನಿಯಮವನ್ನು ಅಂತರ್ಜಾಲ ಸೇವೆಗಳಿಗೂ ಅನ್ವಯಿಸಿದೆ. ಪ್ರಸಾರ ಭಾರತಿಗೂ 2024ರ ನವೆಂಬರಿನಿಂದ ವೇವ್ಸ್ ಎಂಬ ಸ್ವಂತ ಆ್ಯಪ್ ಇದೆ. ಹಕ್ಕುದಾರರ ಚಂದಾ ವ್ಯವಹಾರಕ್ಕೆ ಪೆಟ್ಟು ಬೀಳುತ್ತದೆಂಬ ಆತಂಕ ಸಕಾರಣವಾದದ್ದೇ ಆದರೂ, ಶೇ 75ರ ಪಾಲನ್ನು ಅಲ್ಲಿಯೂ ಉಳಿಸಿ, ಬೇಕಿದ್ದರೆ ಚಿತ್ರದ ಗುಣಮಟ್ಟವನ್ನು ತುಸು ಇಳಿಸಿ, ಅಧಿಸೂಚಿತ ಪಂದ್ಯಗಳ ಮಟ್ಟಿಗೆ ಆ ಆ್ಯಪ್‌ಗೂ ಸಂಕೇತ ಸಿಗುವಂತೆ ಸಂಸತ್ತು 3ನೇ ಕಲಮನ್ನು ತಿದ್ದಬೇಕು. ಅಂತರ್ಜಾಲದ ಹಕ್ಕನ್ನಷ್ಟೇ ಕೊಂಡವರಿಗೂ ಆ ಹೊಣೆ ತಗಲುವಂತಿರಬೇಕು.

ಇತಿ,
ಓರ್ವ ಓದುಗ, ಬೆಂಗಳೂರು